ಲೇಸರ್ ಕಟಿಂಗ್‌ಗಾಗಿ ಕ್ಯಾಡ್ ಪಠ್ಯದ ಸಿದ್ಧತೆ

ಲೇಸರ್ ಕಟಿಂಗ್‌ಗಾಗಿ ಕ್ಯಾಡ್ ಪಠ್ಯದ ಸಿದ್ಧತೆ ಎಂದರೆ ಗಣಕದಲ್ಲಿ ರಚಿಸಿದ ನಕ್ಷೆಯೊಳಗಿನ ಅಕ್ಷರಗಳನ್ನು ಲೇಸರ್ ಯಂತ್ರವು ಅನುಸರಿಸಬಲ್ಲ ಗೆರೆಗಳಾಗಿ ಮಾರ್ಪಡಿಸುವ ಕ್ರಿಯೆ. ನಾಮಫಲಕ, ಸ್ಟೆನ್ಸಿಲ್ ಹಾಗೂ ಅಲಂಕಾರಿಕ ಫಲಕಗಳ ತಯಾರಿಕೆಯಲ್ಲಿ ಇದು ಅಗತ್ಯವಾದ ಹಂತ. ಪರದೆಯ ಮೇಲೆ ಸರಿಯಾಗಿ ಕಾಣುವ ಪಠ್ಯವೂ ಹಾಳೆಯ ಮೇಲೆ ತಪ್ಪಾಗಿ ಮೂಡಬಹುದು. ಒಮ್ಮೆ ಕತ್ತರಿಸಿದ ಹಾಳೆಯನ್ನು ಮತ್ತೆ ಸರಿಪಡಿಸಲಾಗದು.

ಪಠ್ಯದಿಂದ ಗೆರೆಗೆ

ಕ್ಯಾಡ್ ಕಡತದಲ್ಲಿ ಪಠ್ಯವು ಅಕ್ಷರಸಂಕೇತ ಮತ್ತು ಫಾಂಟಿನ ಹೆಸರಾಗಿ ಮಾತ್ರ ಉಳಿದಿರುತ್ತದೆ. ಕಡತವನ್ನು ತೆರೆಯುವ ಗಣಕದಲ್ಲಿ ಆ ಫಾಂಟ್ ಇಲ್ಲದಿದ್ದರೆ ಬೇರೊಂದು ಫಾಂಟ್ ಅದರ ಸ್ಥಾನಕ್ಕೆ ಬರುತ್ತದೆ. ಆದ್ದರಿಂದ ಕಡತವನ್ನು ಕಳುಹಿಸುವ ಮೊದಲೇ ಪಠ್ಯವನ್ನು ರೇಖಾಕೃತಿಯಾಗಿ ಪರಿವರ್ತಿಸಲಾಗುತ್ತದೆ. ಆಟೊಕ್ಯಾಡ್‌ನ ಎಕ್ಸ್‌ಪ್ರೆಸ್ ಟೂಲ್ಸ್‌ನಲ್ಲಿ ಪಠ್ಯವನ್ನು ಒಡೆಯುವ ಆದೇಶವಿದೆ; ಇಂಕ್‌ಸ್ಕೇಪ್‌ನಲ್ಲಿ ವಸ್ತುವನ್ನು ಪಥವಾಗಿಸುವ ಸೌಲಭ್ಯವಿದೆ. ಬರಹವನ್ನು ಕೆತ್ತುವುದಷ್ಟೇ ಉದ್ದೇಶವಾಗಿದ್ದರೆ ಏಕರೇಖಾ ಫಾಂಟ್ ಸೂಕ್ತ. ಹೊರರೇಖೆಯುಳ್ಳ ಫಾಂಟಿನಲ್ಲಿ ಪ್ರತಿ ಗೆರೆಯ ಎರಡೂ ಅಂಚುಗಳಲ್ಲಿ ಲೇಸರ್ ಸಾಗಬೇಕಾಗುತ್ತದೆ.

ಗೆರೆಗಳ ಶುದ್ಧೀಕರಣ

ಪರಿವರ್ತನೆಯ ವೇಳೆ ವಕ್ರರೇಖೆಗಳು ಅನೇಕ ಸಣ್ಣ ಸರಳರೇಖೆಗಳಾಗಿ ಒಡೆಯಬಹುದು. ಪ್ರತಿ ತಿರುವಿನಲ್ಲಿ ಯಂತ್ರದ ವೇಗ ತಗ್ಗುವುದರಿಂದ ಅಂಚು ಒರಟಾಗುತ್ತದೆ, ಕೆಲವೆಡೆ ಸುಟ್ಟ ಕಲೆ ಉಳಿಯುತ್ತದೆ. ಇದನ್ನು ತಪ್ಪಿಸಲು ತುಣುಕುಗಳನ್ನು ಕಂಸಗಳಾಗಿ ಬದಲಿಸಿ, ತುದಿಗಳನ್ನು ಕೂಡಿಸಿ, ಮುಚ್ಚಿದ ಪಾಲಿಲೈನ್ ರಚಿಸಲಾಗುತ್ತದೆ. ಒಂದರ ಮೇಲೊಂದು ಕುಳಿತ ಗೆರೆಗಳನ್ನು ಅಳಿಸದಿದ್ದರೆ ಲೇಸರ್ ಅದೇ ದಾರಿಯಲ್ಲಿ ಎರಡು ಬಾರಿ ಸಾಗುತ್ತದೆ.

ಸೇತುವೆ ಮತ್ತು ಅಗಲ

ಆರ್‌ಪಾರ್ ಕತ್ತರಿಸುವಾಗ 0, 6, 8ರಂತಹ ಅಂಕಿಗಳ ಒಳಭಾಗ ಕಳಚಿ ಬೀಳುತ್ತದೆ. ಅದನ್ನು ಹಿಡಿದಿಡಲು ಹೊರಹಾಳೆಗೆ ಜೋಡಿಸುವ ಕಿರುಪಟ್ಟಿಗಳನ್ನು ಸೇತುವೆ ಎನ್ನುತ್ತಾರೆ. ಲೇಸರ್ ಕಿರಣವು ತಾನು ಸಾಗಿದ ದಾರಿಯ ವಸ್ತುವನ್ನು ತೆಗೆದುಹಾಕುತ್ತದೆ. ಈ ಸೀಳಿನ ಅಗಲಕ್ಕೆ ಕರ್ಫ್ ಎಂದು ಹೆಸರು. ಅಕ್ರಿಲಿಕ್ ಹಾಳೆಯಲ್ಲಿ ಇದು ಸಾಮಾನ್ಯವಾಗಿ 0.1ರಿಂದ 0.3 ಮಿ.ಮೀ. ಇರುತ್ತದೆ. ಅಕ್ಷರದ ವಿವರಗಳು ಇದಕ್ಕಿಂತ ಸಾಕಷ್ಟು ದಪ್ಪವಾಗಿರಬೇಕು.

ಕನ್ನಡ ಲಿಪಿಯಲ್ಲಿ

ಕನ್ನಡದ ಗುಣಿತಾಕ್ಷರ ಮತ್ತು ಒತ್ತಕ್ಷರಗಳ ಜೋಡಣೆಯನ್ನು ಎಲ್ಲ ಕ್ಯಾಡ್ ತಂತ್ರಾಂಶಗಳೂ ಸರಿಯಾಗಿ ನಿರ್ವಹಿಸುವುದಿಲ್ಲ. ಆದಕಾರಣ ಪಠ್ಯವನ್ನು ಇಂಕ್‌ಸ್ಕೇಪ್‌ನಂತಹ ತಂತ್ರಾಂಶದಲ್ಲಿ ಸಿದ್ಧಪಡಿಸಿ, ಪಥವಾಗಿ ಬದಲಿಸಿ, ಡಿಎಕ್ಸ್‌ಎಫ್ ಕಡತವಾಗಿ ಕ್ಯಾಡ್‌ಗೆ ತರುವುದು ಸುರಕ್ಷಿತ. ಯೂನಿಕೋಡ್ ಅಲ್ಲದ ಹಳೆಯ ಕನ್ನಡ ಫಾಂಟುಗಳಲ್ಲಿ ಬರೆದ ಪಠ್ಯವು ಆ ಫಾಂಟ್ ಇಲ್ಲದ ಗಣಕದಲ್ಲಿ ರೋಮನ್ ಅಕ್ಷರಗಳ ಗೋಜಲಾಗಿ ಕಾಣುತ್ತದೆ.

ವ್ಯಂಜನ ಮತ್ತು ಸ್ವರಚಿಹ್ನೆಗಳ ಆಕೃತಿಗಳು ಪರಸ್ಪರ ಹಾಯ್ದಿದ್ದರೆ ಅವನ್ನು ಒಂದೇ ಹೊರರೇಖೆಯಾಗಿ ಬೆಸೆಯಬೇಕು. ಇಲ್ಲವಾದರೆ ಲೇಸರ್ ಅಕ್ಷರವನ್ನೇ ಅಡ್ಡಸೀಳುತ್ತದೆ. ಅನುಸ್ವಾರಕ್ಕೆ ಸೇತುವೆ ಇಲ್ಲದಿದ್ದರೆ ವೃತ್ತದ ಬದಲು ಬರಿಯ ತೂತು ಉಳಿಯುತ್ತದೆ. 'ಠ' ಅಕ್ಷರದಲ್ಲಿ ಒಳಗಿನ ಚುಕ್ಕೆಯೂ ಹೋಗುತ್ತದೆ. ಪ–ಫ, ದ–ಧ ಜೋಡಿಗಳನ್ನು ಬೇರ್ಪಡಿಸುವುದು ಬುಡದ ಒಂದು ಸಣ್ಣ ಗೆರೆ. ಕಿರಿದಾದ ಬರಹದಲ್ಲಿ ಅದು ಅಳಿಸಿಹೋದರೆ ಮಹಾಪ್ರಾಣವು ಅಲ್ಪಪ್ರಾಣವಾಗಿ, ಪದವೇ ಬದಲಾಗುತ್ತದೆ. ಬಿಡಿ ಅಕ್ಷರಗಳನ್ನು ಕತ್ತರಿಸಿ ಗೋಡೆಗೆ ಅಂಟಿಸುವಾಗ ಒತ್ತಕ್ಷರಗಳು ಪ್ರತ್ಯೇಕ ತುಂಡುಗಳಾಗುವುದರಿಂದ ಅವುಗಳ ಸ್ಥಾನವನ್ನು ಗುರುತಿಸಿಡಬೇಕು.

ಅಂತಿಮ ಪರಿಶೀಲನೆ

ಕಡತದ ಅಳತೆಯ ಮಾನವನ್ನು ಖಚಿತಪಡಿಸಿಕೊಳ್ಳಬೇಕು. ಮಿಲಿಮೀಟರನ್ನು ಅಂಗುಲವೆಂದು ಓದಿದರೆ ಆಕೃತಿ 25.4 ಪಟ್ಟು ಹಿಗ್ಗುತ್ತದೆ. ಒಳಗಿನ ಆಕೃತಿಗಳನ್ನು ಮೊದಲು, ಹೊರ ಅಂಚನ್ನು ಕೊನೆಗೆ ಕತ್ತರಿಸುವ ಕ್ರಮವನ್ನು ಅನುಸರಿಸಲಾಗುತ್ತದೆ. ಹೊರ ಅಂಚು ಮೊದಲು ಬಿಡಿಸಿಕೊಂಡರೆ ತುಂಡು ಜರುಗಿ ಅಕ್ಷರಗಳು ಸ್ಥಾನ ತಪ್ಪುತ್ತವೆ. ತಿದ್ದುಪಡಿಗೆ ಅನುಕೂಲವಾಗುವಂತೆ ಪರಿವರ್ತಿಸದ ಮೂಲ ಕಡತವನ್ನು ಪ್ರತ್ಯೇಕವಾಗಿ ಉಳಿಸಿಕೊಳ್ಳುವುದು ರೂಢಿ.