ಬೇಡಿಕೆಗೆ ಬಾಗಿಲು ಮುಚ್ಚಿದ ತಂತ್ರಾಂಶ

ಮುಕ್ತ ತಂತ್ರಾಂಶದ ಮೂಲಸಂಕೇತವನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಹಂಚಬಹುದು. ಹಾಗೆಂದಮಾತ್ರಕ್ಕೆ ಬಳಕೆದಾರರು ಕೇಳಿದ ಸೌಲಭ್ಯಗಳನ್ನೆಲ್ಲ ಕರ್ತೃವು ಸೇರಿಸಲೇಬೇಕೆಂಬ ಕಟ್ಟಳೆಯಿಲ್ಲ. ಅಕ್ಷರಜೋಡಣೆಯ ‘ಟೆಕ್’ ತಂತ್ರಾಂಶವು ಇದಕ್ಕೆ ಒಳ್ಳೆಯ ನಿದರ್ಶನ.

ತಮ್ಮ ಗ್ರಂಥದ ಕರಡಚ್ಚು ಅಂದಗೆಟ್ಟು ಬಂದುದರಿಂದ ಬೇಸತ್ತ ಅಮೆರಿಕದ ಗಣಕವಿಜ್ಞಾನಿ ಡೊನಾಲ್ಡ್ ಕ್ನೂತ್ ಇದನ್ನು 1977ರಲ್ಲಿ ರೂಪಿಸತೊಡಗಿದರು. ಅದರ 128 ಅಕ್ಷರಸ್ಥಾನಗಳು ತಮ್ಮ ಭಾಷೆಗಳಿಗೆ ಸಾಲವೆಂದು ಯುರೋಪಿನ ಬಳಕೆದಾರರು 1989ರಲ್ಲಿ ಮನವರಿಕೆ ಮಾಡಿಕೊಟ್ಟಾಗ, ಅವನ್ನು 256ಕ್ಕೆ ಏರಿಸಿದರು. ಆ ಬಳಿಕ ಬಾಗಿಲು ಮುಚ್ಚಿದರು: ಇನ್ನು ದೋಷಗಳ ತಿದ್ದುಪಡಿ ಮಾತ್ರ, ಹೊಸ ಸೌಲಭ್ಯವಿಲ್ಲ. ಆವೃತ್ತಿಯ ಸಂಖ್ಯೆಯೂ ‘ಪೈ’ ಬೆಲೆಯತ್ತ ಒಂದೊಂದೇ ಅಂಕಿ ಸಾಗುತ್ತದೆ, 2021ರದು 3.141592653. ದೋಷ ತೋರಿಸಿದವರಿಗೆ ಬಹುಮಾನವುಂಟು, ಬಯಕೆ ತೋಡಿಕೊಂಡವರಿಗಿಲ್ಲ!

ಇದನ್ನು ಹಟವೆನ್ನಲು ಮನಸ್ಸೊಪ್ಪದು. ಇಂದು ಬರೆದ ಕಡತವು ನೂರು ವರ್ಷಗಳಾದ ಮೇಲೂ ಇದೇ ಪುಟವನ್ನು ಕೊಡಬೇಕೆಂಬುದು ಅವರ ಆಶಯ. ಆದರೆ ಗುಣಿತ, ಒತ್ತಕ್ಷರಗಳ ಕನ್ನಡಕ್ಕೆ 256 ಸ್ಥಾನಗಳು ಇಕ್ಕಟ್ಟು. ಕನ್ನಡವನ್ನು ರೋಮನ್ ಅಕ್ಷರಗಳಲ್ಲಿ ಕೀಲಿಸಿ, ಪರಿವರ್ತಕವೊಂದರ ಮೂಲಕ ಹಾಯಿಸುವ ಬಳಸುದಾರಿಯನ್ನು ನಮ್ಮವರು ಹಿಡಿಯಬೇಕಾಯಿತು.

ಕ್ನೂತ್ ಇನ್ನೊಂದು ಬಾಗಿಲನ್ನು ತೆರೆದೇ ಇಟ್ಟಿದ್ದರು. ಸಂಕೇತವನ್ನು ಮಾರ್ಪಡಿಸಿ ಬೇರೆ ತಂತ್ರಾಂಶವನ್ನು ಕಟ್ಟಬಹುದು, ಹೆಸರು ಮಾತ್ರ ಬೇರೆಯಿರಬೇಕು. ಹೀಗೆ ಜೊನಾಥನ್ ಕ್ಯೂ 2004ರಲ್ಲಿ ಹೊರತಂದ ‘ಜೀಟೆಕ್’ ಯೂನಿಕೋಡನ್ನು ನೇರವಾಗಿ ಓದಬಲ್ಲದು. ಕನ್ನಡವನ್ನೂ ನೆರೆಯ ಮಲಯಾಳವನ್ನೂ ಇಂದು ಅದರಲ್ಲಿ ಒಂದೇ ಪುಟದಲ್ಲಿ ಜೋಡಿಸಬಹುದು. ಹಳೆಯ ಟೆಕ್ ತನ್ನ ಪಾಡಿಗೆ ತಾನಿದೆ.