ಕಪ್ಪೆಗೊಂದು ಕೋಲು

ಗಾಳ ಹಾಕಿ ಮೀನು ಹಿಡಿಯುವ ವಿದ್ಯೆಯನ್ನು ಕುರಿತ ಇಂಗ್ಲಿಷ್ ಪುಸ್ತಕಗಳಲ್ಲಿ ಸಾಹಿತ್ಯದ ಪಂಕ್ತಿಯಲ್ಲಿ ಕುಳಿತದ್ದು ಐಸಾಕ್ ವಾಲ್ಟನ್ನನ 'ದಿ ಕಂಪ್ಲೀಟ್ ಆ್ಯಂಗ್ಲರ್'. 1653ರಲ್ಲಿ ಹೊರಬಂದ ಆ ಪುಸ್ತಕ ಇಂದಿಗೂ ಅಚ್ಚಾಗುತ್ತಲೇ ಇದೆ. ಹೊಳೆ, ಹುಲ್ಲುಗಾವಲು, ಹಾಡು, ಸಜ್ಜನರ ಸಲ್ಲಾಪ ಎಲ್ಲವೂ ಅದರಲ್ಲುಂಟು. ಅದರ ನಡುವೆಯೇ ಪೈಕ್ ಎಂಬ ಹೊಟ್ಟೆಬಾಕ ಮೀನನ್ನು ಹಿಡಿಯಲು ಜೀವಂತ ಕಪ್ಪೆಯನ್ನು ಗಾಳಕ್ಕೆ ಹೊಲಿದು ಕಟ್ಟುವ ವಿಧಾನವೂ ಉಂಟು. ಕಪ್ಪೆ ಹೆಚ್ಚು ಹೊತ್ತು ಬದುಕಿರಬೇಕಾದ್ದರಿಂದ ಅದನ್ನು ಆದಷ್ಟು ಮೃದುವಾಗಿ ನಡೆಸಿಕೊಳ್ಳಿ ಎಂಬ ಸಲಹೆಯನ್ನೂ ಆ ಪುಣ್ಯಾತ್ಮ ಸೇರಿಸಿದ್ದಾನೆ. ಕರುಣೆ ಕ್ರೌರ್ಯಗಳೆರಡೂ ಇಷ್ಟು ನೆಮ್ಮದಿಯಾಗಿ ಒಂದೆಡೆ ಕುಳಿತದ್ದನ್ನು ನಾನು ಬೇರೆಲ್ಲೂ ಓದಿಲ್ಲ.

ಈಗ ಆ ಬಡಪಾಯಿ ಕಪ್ಪೆಗೆ ಬಿಡುಗಡೆಯಾಗಿದೆ. ಅದರ ಜಾಗದಲ್ಲಿ ಮೆತ್ತನೆಯ ಪ್ಲಾಸ್ಟಿಕ್ಕಿನ ಟೊಳ್ಳು ಕಪ್ಪೆಯೊಂದು ಬಂದಿದೆ. ತೂಕ ಸಾಮಾನ್ಯವಾಗಿ 14ರಿಂದ 18 ಗ್ರಾಂ. ಹಿಂಗಾಲುಗಳಿಗೆ ಬದಲು ರಬ್ಬರ್ ಎಳೆಗಳ ಎರಡು ಕುಚ್ಚು. ಬೆನ್ನಿಗೆ ಒತ್ತಿಕೊಂಡಂತೆ, ಮೊನೆ ಮೇಲಾಗಿ ಎರಡು ಕೊಕ್ಕೆಗಳಿರುತ್ತವೆ. ಮೈಗೆ ಅಂಟಿಕೊಂಡಿರುವುದರಿಂದ ಅವು ಜೊಂಡಿಗೆ, ಕಳೆಗೆ ಸಿಕ್ಕಿಕೊಳ್ಳುವುದಿಲ್ಲ. ಮೀನು ಬಾಯಿ ಹಾಕಿ ಒತ್ತಿದಾಗ ಟೊಳ್ಳು ಮೈ ಕುಗ್ಗುತ್ತದೆ, ಕೊಕ್ಕೆಗಳು ಹೊರಗೆ ಬರುತ್ತವೆ. ಇಷ್ಟೇ ಅದರ ರಹಸ್ಯ. ಈ ಕಪ್ಪೆಗೂ ನಮ್ಮ ಜೇಬಿಗೂ ಒಗ್ಗುವ ಕೋಲನ್ನು ಆರಿಸುವುದು ಹೇಗೆ ಎಂಬುದು ಇಂದಿನ ಮಾತಿನ ವಿಷಯ.

ಕೋಲಿನ ಗುಣ ತಿಳಿಯಬೇಕಾದರೆ ಅದು ಕೆಲಸ ಮಾಡುವ ನೀರನ್ನು ಮೊದಲು ನೋಡಬೇಕು. ಅಮೆರಿಕದ ಅಲಬಾಮ ರಾಜ್ಯದಲ್ಲಿ ಗಂಟರ್ಸ್‌ವಿಲ್ ಎಂಬ ಜಲಾಶಯವಿದೆ. ಟೆನೆಸೀ ನದಿಗೆ ಅಡ್ಡಲಾಗಿ ಕಟ್ಟಿದ ಅದರ ಅಣೆಕಟ್ಟೆ ಮುಗಿದದ್ದು 1939ರಲ್ಲಿ. ಹರವು ಸುಮಾರು 69,000 ಎಕರೆ. ಬೇಸಿಗೆ ಕಳೆಯುವ ಹೊತ್ತಿಗೆ ಅಲ್ಲಿನ ಆಳವಿಲ್ಲದ ಕಡೆಗಳಲ್ಲಿ ಹೈಡ್ರಿಲ್ಲ, ಮಿಲ್‌ಫಾಯಿಲ್ ಮುಂತಾದ ನೀರಗಿಡಗಳು ತಳದಿಂದ ಎದ್ದುಬಂದು ಮೇಲೆ ಚಾಪೆ ಹಾಸಿದಂತೆ ಹೆಣೆದುಕೊಳ್ಳುತ್ತವೆ. ಚಾಪೆಯ ಕೆಳಗೆ ನೆರಳು. ಆ ನೆರಳಿನಲ್ಲಿ ಲಾರ್ಜ್‌ಮೌತ್ ಬಾಸ್ ಎಂಬ ಅಗಲಬಾಯಿಯ ಮೀನು ಹೊಂಚು ಹಾಕಿ ನಿಂತಿರುತ್ತದೆ. ಈ ಜಾತಿಯಲ್ಲಿ ದಾಖಲೆಯ ಮೀನು 1932ರಲ್ಲಿ ಜಾರ್ಜಿಯಾದಲ್ಲಿ ಸಿಕ್ಕಿತು, ಹತ್ತು ಕಿಲೋಗ್ರಾಮಿಗೆ ತುಸು ಹೆಚ್ಚು. ಅದಕ್ಕೆ ಸರಿಗಟ್ಟಿದ ಇನ್ನೊಂದು 2009ರಲ್ಲಿ ಜಪಾನಿನ ಬಿವಾ ಸರೋವರದಲ್ಲಿ ಸಿಕ್ಕಿತು. ನಮ್ಮ ನಿಮ್ಮಂಥವರಿಗೆ ಸಿಗುವುದು ಕಿಲೋ, ಎರಡು ಕಿಲೋದ್ದು.

ಆ ಹೈಡ್ರಿಲ್ಲ ಅಮೆರಿಕದ್ದಲ್ಲ. 1950ರ ದಶಕದಲ್ಲಿ ಮನೆಯ ಗಾಜಿನ ತೊಟ್ಟಿಗಳಲ್ಲಿ ಮೀನು ಸಾಕುವವರಿಗೆಂದು ಫ್ಲಾರಿಡಾಕ್ಕೆ ತರಿಸಿದ್ದು ಕಾಲುವೆಗೆ ಬಿದ್ದು ಹಬ್ಬಿತು. ಅಲ್ಲಿನ ದಕ್ಷಿಣ ರಾಜ್ಯಗಳ ಹೈಡ್ರಿಲ್ಲವನ್ನು ಬೇರೆ ಬೇರೆ ದೇಶಗಳ ಮಾದರಿಗಳೊಡನೆ ಹೋಲಿಸಿದ ವಂಶವಾಹಿ ಅಧ್ಯಯನವೊಂದು 1997ರಲ್ಲಿ ಪ್ರಕಟವಾಯಿತು. ಅದಕ್ಕೆ ಅತಿ ಸಮೀಪದ್ದೆಂದು ಕಂಡುಬಂದದ್ದು ಬೆಂಗಳೂರಿನಿಂದ ಹೋದ ಮಾದರಿ. ನಮ್ಮ ಕೆರೆಯ ಪಾಚಿಯ ನಂಟಸ್ತನ ಎಲ್ಲಿಯವರೆಗೆ ಹೋಗಿದೆ, ನೋಡಿ.

ಇನ್ನು ಕೋಲಿನ ಮಾತು. ಕಪ್ಪೆಗಾಳದ ಕೋಲು ಒಂದಕ್ಕೊಂದು ಒಗ್ಗದ ಮೂರು ಕೆಲಸಗಳನ್ನು ಮಾಡಬೇಕು. ಹಗುರವಾದ ಕಪ್ಪೆಯನ್ನು ದೂರ ಎಸೆಯಬೇಕು. ಇದಕ್ಕೆ ತುದಿ ಬಾಗಬೇಕು. ಕಪ್ಪೆಯನ್ನು ಚಾಪೆಯ ಮೇಲೆ ಎಡಕ್ಕೊಮ್ಮೆ ಬಲಕ್ಕೊಮ್ಮೆ ಕುಣಿಸುತ್ತ ತರಬೇಕು. ಇದಕ್ಕೂ ತುದಿ ಚುರುಕಾಗಿ ಮಿಡಿಯಬೇಕು. ಮೀನು ಕಚ್ಚಿದ ಮೇಲಾದರೋ ಅದು ಕಳೆಯ ಬೇರಿಗೆ ಸುತ್ತಿಕೊಳ್ಳುವ ಮುನ್ನ ಮೀನನ್ನೂ ಅದರ ತಲೆಗೆ ಮುಸುಕಾದ ಹಸಿಗಿಡದ ಹೊರೆಯನ್ನೂ ಒಟ್ಟಿಗೆ ಮೇಲೆತ್ತಬೇಕು. ಇದಕ್ಕೆ ನಡುವೂ ಬುಡವೂ ಬಗ್ಗದೆ ನಿಲ್ಲಬೇಕು. ತುದಿಗೆ ಕುಣಿಯುವವಳ ಬಳುಕು, ಬುಡಕ್ಕೆ ಹಮಾಲಿಯ ಬೆನ್ನು.

ಅಂಗಡಿಯ ಭಾಷೆಯಲ್ಲಿ ಇವಕ್ಕೆ ಎರಡು ಹೆಸರುಗಳಿವೆ. ಕೋಲನ್ನು ಬಗ್ಗಿಸಲು ಎಷ್ಟು ಬಲ ಬೇಕು ಎಂಬುದು ಅದರ ಪವರ್. ಬಗ್ಗುವಾಗ ಎಲ್ಲಿಂದ ಬಗ್ಗುತ್ತದೆ ಎಂಬುದು ಆಕ್ಷನ್. ಮಾರುವವರು ಕೂಡ ಇವೆರಡನ್ನೂ ಬೆರೆಸಿ ಮಾತನಾಡುವುದುಂಟು. ಹೆವಿ ಎಂದು ಬರೆದಿದ್ದರೆ ಬಲವುಳ್ಳದ್ದು. ಫಾಸ್ಟ್ ಎಂದಿದ್ದರೆ ತುದಿಯ ಭಾಗ ಮಾತ್ರ ಬಾಗಿ ಉಳಿದದ್ದು ಸೆಟೆದು ನಿಲ್ಲುವಂಥದ್ದು. ಕಪ್ಪೆಗೆ ಬೇಕಾದದ್ದು ಹೆವಿ, ಫಾಸ್ಟ್. ಎಕ್ಸ್‌ಟ್ರಾ ಫಾಸ್ಟ್ ಎಂಬುದು ಇನ್ನೂ ಒಳ್ಳೆಯದಿರಬೇಕೆಂದು ಭಾವಿಸುವುದು ಸಹಜ. ಆದರೆ ಅದರಲ್ಲಿ ಬಾಗುವ ತುದಿ ತೀರ ಮೊಟಕು, ಕಪ್ಪೆ ಚೆನ್ನಾಗಿ ಕುಣಿಯದು. ಉದ್ದ ಏಳು ಅಡಿಯಿಂದ ಏಳೂವರೆ ಅಡಿ ಸಾಕು. ಉದ್ದದ ಕೋಲು ಒಂದೇ ಬೀಸಿಗೆ ಹೆಚ್ಚು ದಾರವನ್ನು ಎಳೆದುಕೊಳ್ಳುತ್ತದೆ, ನಿಜ. ಆದರೆ ಕುಣಿಸುವಾಗ ತುದಿ ಕೆಳಗಿರಬೇಕು, ಕುಳ್ಳಗಿನವರು ಎಂಟಡಿ ಹಿಡಿದರೆ ಅದು ನೀರಿಗೆ ಬಡಿಯುತ್ತಲೇ ಇರುತ್ತದೆ.

ಹಾಗಾದರೆ ಬೆಲೆ? ಅಮೆರಿಕದಲ್ಲಿ ಸ್ಪರ್ಧಾಳುಗಳು ಇನ್ನೂರು ಮುನ್ನೂರು ಡಾಲರಿನ ಕೋಲುಗಳನ್ನು ಹಿಡಿಯುತ್ತಾರೆ. ನೂರು ಡಾಲರಿನೊಳಗಿನದು ಸಾಮಾನ್ಯರದು. ಈ ಹೆಚ್ಚಿನ ಹಣ ಕೊಂಡುಕೊಳ್ಳುವುದು ಏನನ್ನು? ಹೆಚ್ಚಾಗಿ ಎರಡನ್ನು: ಹಗುರತನ ಮತ್ತು ಸ್ಪರ್ಶಸೂಕ್ಷ್ಮತೆ. 1970ರ ದಶಕದವರೆಗೆ ಗಾಜಿನ ನಾರಿನ ಕೋಲುಗಳೇ ಹೆಚ್ಚು, ಅದಕ್ಕೂ ಹಿಂದೆ ಸೀಳಿ ಅಂಟಿಸಿದ ಬಿದಿರು. ಆ ದಶಕದಲ್ಲಿ ಇಂಗಾಲದ ನಾರು ಬಂದಿತು. ಅಂಗಡಿಯಲ್ಲಿ ಅದನ್ನು ಗ್ರಾಫೈಟ್ ಎನ್ನುತ್ತಾರೆ. ನಾರು ಎಷ್ಟು ಸೆಡಸೋ ಅಷ್ಟು ಕಡಿಮೆ ಸಾಮಗ್ರಿಯಲ್ಲಿ ಅಷ್ಟೇ ಬಲದ ಕೋಲು ತಯಾರಾಗುತ್ತದೆ. ಇಪ್ಪತ್ತು ಅಡಿ ಆಳದಲ್ಲಿ ಎರೆಹುಳುವಿನಾಕಾರದ ರಬ್ಬರನ್ನು ಮೀನು ಮುಟ್ಟಿದಾಗ ಆ ಅಲುಗಾಟ ಬೆರಳಿಗೆ ತಿಳಿಯಬೇಕಾದವನಿಗೆ ಇದು ವರದಾನವೇ ಸರಿ.

ಕಪ್ಪೆಗಾಳದವನಿಗೆ ಆ ಸ್ಪರ್ಶದಿಂದ ಆಗಬೇಕಾದದ್ದು ಬಹಳವಿಲ್ಲ. ಅವನ ಕಪ್ಪೆ ನೀರಿನ ಮೇಲೆ, ಕಣ್ಣೆದುರಿಗೇ ಇದೆ. ಮೀನು ಕಚ್ಚಿದ್ದನ್ನು ಅವನು ನೋಡುತ್ತಾನೆ, ಕೇಳುತ್ತಾನೆ. ಚಾಪೆ ಒಡೆದು ಮಡಕೆ ಬಿದ್ದಂತೆ ಸದ್ದಾಗುತ್ತದೆ. ದುಬಾರಿ ಕೋಲಿನಲ್ಲಿ ಯಾವುದಕ್ಕೆ ಅತಿ ಹೆಚ್ಚು ಹಣ ತೆರುತ್ತೇವೆಯೋ ಅದೇ ಈ ಬೇಟೆಯಲ್ಲಿ ಅತಿ ಕಡಿಮೆ ಉಪಯೋಗಕ್ಕೆ ಬರುವುದು. ಇನ್ನೂ ಒಂದು ಮಾತಿದೆ. ಅತಿ ಸೆಡಸಾದ ನಾರಿನ ತೆಳುಗೋಡೆಯ ಕೋಲು ಪೆಟ್ಟಿಗೆ, ತಪ್ಪು ಕೋನದ ಎಳೆತಕ್ಕೆ ಬೇಗ ಮುರಿಯುತ್ತದೆ. ಸಾಧಾರಣ ಗ್ರಾಫೈಟಿನದು, ಅಥವಾ ಅದಕ್ಕೆ ಗಾಜಿನ ನಾರು ಬೆರೆಸಿದ್ದು, ತೂಕವಾದರೂ ಒರಟು ಎಳೆದಾಟವನ್ನು ತಾಳಿಕೊಳ್ಳುತ್ತದೆ. 1976ರಲ್ಲಿ ಬಂದ ಅಗ್ಲಿ ಸ್ಟಿಕ್ ಎಂಬ ಕೋಲು ಇಂಥ ಮಿಶ್ರಣದ್ದು. ಹೆಸರಿಗೆ ತಕ್ಕಂತೆ ಕುರೂಪಿ, ಆದರೆ ಅದರ ತಾಳಿಕೆಯನ್ನು ಹಂಗಿಸಿದವರು ವಿರಳ. ಆದ್ದರಿಂದ ಈ ಒಂದು ಕೆಲಸಕ್ಕೆ ಮಧ್ಯಮ ಬೆಲೆಯ ಕೋಲನ್ನು ಕೊಳ್ಳುವವನು ಕೀಳರಿಮೆ ಪಡಬೇಕಾದ ಕಾರಣ ನನಗೆ ಕಾಣದು.

ಆದರೆ ಅಗ್ಗ ಬೇರೆ, ಕೈಗೆಟಕುವುದು ಬೇರೆ. ಅಗ್ಗದ ಕೋಲಿನಲ್ಲಿ ಮೊದಲು ಕೈಕೊಡುವುದು ದಾರ ಹಾದುಹೋಗುವ ಬಳೆಗಳು. ಕಪ್ಪೆಗಾಳಕ್ಕೆ ಇಂದು ಬಳಸುವುದು ಹೆಣೆದ ಪಾಲಿಎಥಿಲೀನ್ ದಾರ, 50ರಿಂದ 65 ಪೌಂಡು ತಾಳುವಂಥದ್ದು, ಎಂದರೆ ಇಪ್ಪತ್ತಮೂರು, ಇಪ್ಪತ್ತೊಂಬತ್ತು ಕಿಲೋ. ನೈಲಾನಿನಂತೆ ಅದು ಹಿಗ್ಗುವುದಿಲ್ಲ. ಕಳೆಯನ್ನು ಗರಗಸದಂತೆ ಕೊಯ್ದುಕೊಂಡು ಬರುತ್ತದೆ. ಮೃದು ಲೋಹದ ಬಳೆಯನ್ನೂ ಹಾಗೆಯೇ ಕೊಯ್ಯುತ್ತದೆ. ಆಮೇಲೆ ಆ ಗೀರು ದಾರವನ್ನು ಕೊಯ್ಯುತ್ತದೆ! ಒಳಗೆ ಅಲ್ಯೂಮಿನಿಯಂ ಆಕ್ಸೈಡಿನಂಥ ಗಟ್ಟಿ ಪಿಂಗಾಣಿ ಉಂಗುರ ಕೂರಿಸಿದ ಬಳೆಗಳನ್ನೇ ಕೇಳಿ ಪಡೆಯಬೇಕು. ಚಿಟಿಕೆ ಹತ್ತಿಯನ್ನು ಪ್ರತಿ ಬಳೆಯೊಳಗೂ ಆಡಿಸಿ ನೋಡಿ. ಎಳೆ ಸಿಕ್ಕಿಕೊಂಡರೆ ಅಲ್ಲಿ ಬಿರುಕಿದೆ. ಕೋಲನ್ನು ಬಂದೂಕಿನಂತೆ ಕಣ್ಣಿಗೆ ಹಿಡಿದು ಬಳೆಗಳು ಒಂದೇ ಸಾಲಿನಲ್ಲಿವೆಯೇ ನೋಡಿ. ಹಿಡಿಕೆಯ ಮೇಲ್ಗಡೆ ಬರೆದ ಅಂಕಿಗಳನ್ನು ಓದಿ: ಮುಕ್ಕಾಲು ಔನ್ಸು, ಅಂದರೆ ಇಪ್ಪತ್ತೊಂದು ಗ್ರಾಂ, ಅದರ ಮಿತಿಯೊಳಗೆ ನೆಮ್ಮದಿಯಾಗಿ ಬರಬೇಕು. ತುದಿಯನ್ನು ಕೈಯಲ್ಲಿ ಹಿಡಿದು ಬಗ್ಗಿಸುವುದಾಗಲಿ ಸೂರಿಗೆ ಒತ್ತಿ ನೋಡುವುದಾಗಲಿ ಕೂಡದು, ಕೋಲು ಮುರಿಯುವುದು ಹಾಗೆಯೇ. ಬಳೆಗಳಲ್ಲಿ ದಾರ ಪೋಣಿಸಿ, ಅದರ ಕೊನೆಯನ್ನು ಇನ್ನೊಬ್ಬರಿಗೆ ಕೊಟ್ಟು ಹದವಾಗಿ ಎಳೆಸಿದರೆ ಬಾಗು ಎಲ್ಲಿ ನಿಲ್ಲುತ್ತದೆಂಬುದು ಕಾಣುತ್ತದೆ. ರೀಲು ಕೂರಿಸಿ ಅದರ ಸ್ವಲ್ಪ ಮುಂದೆ ಒಂದು ಬೆರಳ ಮೇಲೆ ಕೋಲನ್ನು ನಿಲ್ಲಿಸಿ. ತುದಿ ಧೊಪ್ಪನೆ ಕೆಳಗಿಳಿದರೆ ಮಧ್ಯಾಹ್ನದ ಹೊತ್ತಿಗೆ ಮಣಿಕಟ್ಟು ಸೋಲುತ್ತದೆ. ಒಂದರೊಳಗೊಂದು ಸೇರುವ ದುರ್ಬೀನಿನಂಥ ಕೋಲುಗಳನ್ನು ಬಸ್ಸಿನ ಪ್ರಯಾಣಕ್ಕೆ ಅನುಕೂಲವೆಂದು ಬಹಳ ಮಂದಿ ಕೊಳ್ಳುತ್ತಾರೆ. ಈ ಎಳೆದಾಟಕ್ಕೆ ಅವು ಒಗ್ಗವು. ಎರಡು ತುಂಡಿನದು ಆದೀತು.

ಇಷ್ಟು ಬಿಗಿಯಾಗಿ ಹೇಳಲು ಕಾರಣವಿದೆ. ಬೇರೆ ಬಗೆಯ ಗಾಳದಲ್ಲಿ ಕೋಲು ಸೋತರೆ ಮೀನು ತಪ್ಪಿಸಿಕೊಂಡು ಹೋಗುತ್ತದೆ, ಅಷ್ಟೆ. ಇಲ್ಲಿ ಅದು ಹೋಗುವುದು ಬಾಯಲ್ಲಿ ಎರಡು ಕೊಕ್ಕೆ, ಹಿಂದೆ ಕೊಳೆಯದ ದಾರ ಇಟ್ಟುಕೊಂಡು. ದಾರ ಕಳೆಗೆ ಸುತ್ತಿಕೊಂಡರೆ ಮೀನು ಅಲ್ಲಿಯೇ ಕಟ್ಟಿಹಾಕಿದಂತೆ ಸಾಯುತ್ತದೆ. ಮೀನನ್ನು ಮರಳಿ ಬಿಡುವ ಉದ್ದೇಶದಿಂದ ಹೋದವನಿಗೂ ಇದರಿಂದ ವಿನಾಯಿತಿಯಿಲ್ಲ.

ನಮ್ಮ ಕೆರೆಗಳಲ್ಲಿ ಬಾಸ್ ಇಲ್ಲ, ಕೊರವ ಇದೆ. ಇಂಗ್ಲಿಷಿನವರು ಮುರೆಲ್ ಎಂದೂ ಸ್ನೇಕ್‌ಹೆಡ್ ಎಂದೂ ಕರೆಯುವ ಈ ಹಾವುದಲೆಯ ಮೀನು ಗಾಳಿಯನ್ನೇ ಉಸಿರಾಡುವುದರಿಂದ ಆಗಾಗ ನೀರಿನ ಮೇಲಕ್ಕೆ ಬಂದು ಹೋಗುತ್ತದೆ. ಕಪ್ಪೆ ಅದಕ್ಕೆ ಪ್ರಿಯ ಆಹಾರ. ಕೇರಳ, ತಮಿಳುನಾಡು, ಕರ್ನಾಟಕಗಳಲ್ಲಿ ಈಚೆಗೆ ರಬ್ಬರ್ ಕಪ್ಪೆಯ ಗಾಳ ಹಿಡಿದವರು ಇದರ ಬೆನ್ನು ಹತ್ತಿದವರೇ. ಕೊರವನ ಬಾಯಿ ಬಾಸಿನದಕ್ಕಿಂತ ಗಡುಸು, ಮೂಳೆಯದು. ಕೊಕ್ಕೆ ನಾಟಬೇಕಾದರೆ ಕೋಲಿನ ಬುಡ ಇನ್ನೂ ಗಟ್ಟಿಯಾಗಿರಬೇಕು. ದೋಣಿಯಿಲ್ಲದೆ ಏರಿಯ ಮೇಲೆ, ಜಾಲಿಮರಗಳ ನಡುವೆ ನಿಂತು ಬೀಸಬೇಕಾದ್ದರಿಂದ ಆರೂವರೆ ಅಡಿಯದೂ ನಡೆದೀತು. ಕೆರೆಯ ಮೀನಿನ ಹಕ್ಕು ಗುತ್ತಿಗೆದಾರರದೋ ಸಹಕಾರ ಸಂಘದ್ದೋ ಆಗಿರುವುದು ಸಾಮಾನ್ಯ. ಅವರನ್ನು ಕೇಳಿಯೇ ಇಳಿಯಬೇಕು.

ನೀರಿನ ಮೇಲೆ ಕೆಂಪುಕಿತ್ತಳೆ ಬಣ್ಣದ ಮರಿಗಳ ಗುಂಪೊಂದು ಕುದಿಯುವಂತೆ ಆಡುತ್ತಿದ್ದರೆ ಅದರ ಕೆಳಗೆ ತಾಯಿತಂದೆಗಳಿವೆ ಎಂದರ್ಥ. ಅಲ್ಲಿಗೆ ಎಸೆದ ಕಪ್ಪೆಯನ್ನು ಅವು ಹಸಿವಿಲ್ಲದೆಯೂ ಹೊಡೆಯುತ್ತವೆ, ಮರಿಗಳ ಮೇಲೆ ಬಂದ ಶತ್ರುವೆಂದು. ಇದರಷ್ಟು ಸುಲಭದ ಬೇಟೆಯಿಲ್ಲ. ಆದರೆ ಕಾವಲು ತಪ್ಪಿದ ಮರಿಗಳು ಬೇರೆ ಮೀನುಗಳ ಪಾಲು. ಬಲ್ಲವರು ಅಂಥ ಕಡೆ ಕೋಲನ್ನು ಬೀಸುವುದಿಲ್ಲ.

ಕೊನೆಯದಾಗಿ ಕೋಲು ಕಲಿಸಲಾರದ ಒಂದು ವಿಷಯ. ಚಾಪೆ ಒಡೆದು ಕಪ್ಪೆ ಮಾಯವಾದ ಕ್ಷಣಕ್ಕೇ ಎಳೆದರೆ ಕಪ್ಪೆ ಮಾತ್ರ ನಿಮ್ಮ ಮುಖದತ್ತ ಹಾರಿಬರುತ್ತದೆ; ಮೀನು ಅದನ್ನಿನ್ನೂ ಬಾಯಿ ತುಂಬ ತೆಗೆದುಕೊಂಡಿರುವುದಿಲ್ಲ. ಒಂದು, ಎರಡು ಎಂದು ಎಣಿಸಿ, ಸಡಿಲ ದಾರವನ್ನು ಸುತ್ತಿಕೊಳ್ಳಿ. ಭಾರ ಕೈಗೆ ತಾಗಿದ ಮೇಲೆ ಎರಡೂ ಕೈಯಿಂದ ಎತ್ತಿ ಎಳೆಯಿರಿ. ತಲೆ ಚಾಪೆಯ ಮೇಲೆ ಬರುವವರೆಗೆ ನಿಲ್ಲಿಸಬೇಡಿ.