ಮನೆಯ ವೋಲ್ಟೇಜು ಏರಿದಾಗ, ಇಳಿದಾಗ

ಬೇಸಿಗೆ ಬಂತೆಂದರೆ ಸಣ್ಣ ಊರುಗಳಲ್ಲಿ ಸಂಜೆ ಏಳರ ಮೇಲೆ ಫ್ಯಾನು ಆಮೆಯ ಹಾಗೆ ತಿರುಗುತ್ತದೆ. ಮಿಕ್ಸಿಗೆ ಹಾಕಿದ ಕಾಯಿ ಹೋಳುಹೋಳಾಗಿಯೇ ಉಳಿಯುತ್ತದೆ. ಊರೆಲ್ಲ ಮಲಗಿದ ಮೇಲೆ ನೋಡಿ, ಅದೇ ಫ್ಯಾನು ಹಾರಿಹೋಗುವಂತೆ ಓಡುತ್ತದೆ! ಕರೆಂಟು ಹೋದರೆ ಬರುವವರೆಗೆ ಕಾಯಬಹುದು, ಸೋದರಿಯರೇ. ಅರೆಬರೆ ಬರುವ ಕರೆಂಟು ಮಾತ್ರ ಸಾವಿರಾರು ರೂಪಾಯಿ ಕೊಟ್ಟು ತಂದ ಫ್ರಿಜ್ಜನ್ನು ಸದ್ದಿಲ್ಲದೆ ತಿಂದುಹಾಕುತ್ತದೆ.

ನಮ್ಮ ಮನೆಗಳಿಗೆ ಬರಬೇಕಾದದ್ದು 230 ವೋಲ್ಟ್. ಬೀದಿಯ ಟ್ರಾನ್ಸ್‌ಫಾರ್ಮರು 11,000 ವೋಲ್ಟನ್ನು ಇಳಿಸಿ ತಂತಿಗೆ ಬಿಡುತ್ತದೆ. ತಂತಿ ಉದ್ದವಾದಷ್ಟೂ, ಅದರ ಮೇಲಿನ ಹೊರೆ ಹೆಚ್ಚಿದಷ್ಟೂ ವೋಲ್ಟೇಜು ಕುಗ್ಗುತ್ತಾ ಹೋಗುತ್ತದೆ. ಬೀದಿಯ ನಲ್ಲಿನೀರಿನ ಹಾಗೆಯೇ ಅಂದುಕೊಳ್ಳಿ. ಮೊದಲ ಮನೆಗಳವರು ಪೂರಾ ತಿರುಗಿಸಿಕೊಂಡರೆ ಕೊನೆಯ ಮನೆಗೆ ಬೆರಳುಗಾತ್ರದ ಧಾರೆ. ಹಳ್ಳಿಗಳ ಕಡೆ ನೀರಾವರಿ ಪಂಪ್‌ಸೆಟ್ಟುಗಳು ಶುರುವಾದರೆ ಮನೆಯ ದೀಪ ಮಂಕಾಗುತ್ತಿದ್ದದ್ದು ಇದರಿಂದಲೇ. ಕರ್ನಾಟಕದಲ್ಲಿ ನಿರಂತರ ಜ್ಯೋತಿ ಯೋಜನೆಯಲ್ಲಿ ಎರಡಕ್ಕೂ ಬೇರೆ ಬೇರೆ ಲೈನು ಎಳೆದದ್ದೂ ಇದಕ್ಕೇ.

ವೋಲ್ಟೇಜು 180ಕ್ಕೆ ಇಳಿದರೆ 1500 ವಾಟ್‌ನ ಗೀಸರು ಸುಮಾರು 920 ವಾಟ್‌ನಷ್ಟೇ ಕಾಯುತ್ತದೆ. ನೀರು ಕಾಯುವುದು ತಡ, ಅಷ್ಟೇ, ಗೀಸರು ಕೆಡುವುದಿಲ್ಲ. ಮೋಟಾರು ಇರುವ ವಸ್ತುಗಳ ಕಥೆ ಬೇರೆ. ಫ್ರಿಜ್ಜು, ನೀರಿನ ಪಂಪು, ಗ್ರೈಂಡರು ಶಕ್ತಿ ಸಾಲದೆ ಹೆಚ್ಚು ಕರೆಂಟು ಎಳೆದುಕೊಂಡು ಒಳಗೇ ಕಾದು, ಸುರುಳಿ ಸುಟ್ಟುಕೊಳ್ಳುತ್ತವೆ. ಗ್ರೈಂಡರು ತಿರುಗದೆ ಬರೀ ‘ಗುಂಯ್’ ಅಂದರೆ ಒಂದು ಕ್ಷಣವೂ ಬಿಡದೆ ಸ್ವಿಚ್ಚು ಆರಿಸಿ. ಹಿಟ್ಟು ನಾಳೆ ರುಬ್ಬಿದರಾಯಿತು.

ಸ್ಟೆಬಿಲೈಜರು ಕೊಳ್ಳುವಾಗ ಅಂಗಡಿಯವನ ಮಾತಿಗಿಂತ ಡಬ್ಬಿಯ ಮೇಲಿನ ಬರಹ ಓದಿ. ಎಷ್ಟರಿಂದ ಎಷ್ಟು ವೋಲ್ಟಿನವರೆಗೆ ಅದು ಸರಿಪಡಿಸಬಲ್ಲದು ಅಂತ ಬರೆದಿರುತ್ತದೆ. ನಿಮ್ಮ ಮನೆಯಲ್ಲಿ ಸಂಜೆ 150 ಬರುತ್ತಿದ್ದರೆ 170ರಿಂದ ಶುರುವಾಗುವ ಪೆಟ್ಟಿಗೆಯಿಂದ ಏನು ಪ್ರಯೋಜನ? ಆಗಾಗ ಕೇಳುವ ‘ಟಕ್ ಟಕ್’ ಸದ್ದಿಗೆ ಹೆದರಬೇಡಿ, ಒಳಗಿನ ರಿಲೇ ಸುರುಳಿಯ ಸುತ್ತು ಬದಲಿಸುವ ಸದ್ದು ಅದು. ಫ್ರಿಜ್ಜಿನದಕ್ಕೆ ಕರೆಂಟು ಬಂದ ಮೇಲೆ ಸುಮಾರು ಮೂರು ನಿಮಿಷ ತಡೆದು ಕೊಡುವ ಏರ್ಪಾಡು ಇರಲೇಬೇಕು. ಕಂಪ್ರೆಸರಿನೊಳಗಿನ ಒತ್ತಡ ಇಳಿಯಲು ಅಷ್ಟು ಹೊತ್ತು ಬೇಕು. ಒಂದೇ ಸ್ಟೆಬಿಲೈಜರಿಗೆ ಫ್ರಿಜ್ಜು, ಟಿ.ವಿ., ಮಿಕ್ಸಿ ಎಲ್ಲವನ್ನೂ ಪೋಣಿಸುವ ಯಜಮಾನರೂ ಇದ್ದಾರೆ! ದಯವಿಟ್ಟು ಬೇಡ. ಹೊಸ ಇನ್ವರ್ಟರ್ ಫ್ರಿಜ್ಜುಗಳಿಗೆ ಸ್ಟೆಬಿಲೈಜರ್ ಬೇಡ ಅನ್ನುತ್ತಾರೆ. ಅದೂ ಅದರ ಪುಸ್ತಕದಲ್ಲಿ ಹೇಳಿದ ಮಿತಿಯೊಳಗೆ ಮಾತ್ರ.

ಇನ್ನು ನಿಜವಾಗಿ ಹೆದರಬೇಕಾದದ್ದು ನ್ಯೂಟ್ರಲ್ ತಂತಿ ಕಡಿದಾಗ. ಗಾಳಿಮಳೆಯಲ್ಲಿ, ಇಲ್ಲವೇ ಕಂಬದ ಜೋಡಣೆ ಸಡಿಲವಾಗಿ ಇದು ಆಗುತ್ತದೆ. ಆಗ ಕೆಲವು ಮನೆಗಳ ದೀಪ ಮಂಕು, ಕೆಲವು ಮನೆಗಳಲ್ಲಿ ಕಣ್ಣು ಕುಕ್ಕುವ ಬೆಳಕು. ಹೊರೆ ಕಡಿಮೆ ಇರುವ ಮನೆಗೆ 300, 350 ವೋಲ್ಟ್ ಕೂಡ ನುಗ್ಗಬಹುದು. ನಮ್ಮ ಬೀದಿಯಲ್ಲಿ ಹೀಗೇ ಒಂದು ಸಂಜೆ ಮೂರು ಮನೆಯ ಟಿ.ವಿ. ಹೋದವು. ಬಲ್ಬು ಇದ್ದಕ್ಕಿದ್ದಂತೆ ಪ್ರಖರವಾದರೆ, ಫ್ಯಾನು ವಿಪರೀತ ಓಡಿದರೆ, ಕಾರಣ ಹುಡುಕುತ್ತಾ ನಿಲ್ಲಬೇಡಿ. ನೇರ ಮೇನ್ ಸ್ವಿಚ್ಚು ಆರಿಸಿ, ಪಕ್ಕದ ಮನೆಯವರಿಗೂ ಕೂಗಿ ಹೇಳಿ. ಅದು ಎಲ್ಲಿದೆ ಅಂತ ಮಕ್ಕಳಿಗೂ, ಅತ್ತೆಯವರಿಗೂ ಇಂದೇ ತೋರಿಸಿಡಿ. ತಂತಿಯ ರಿಪೇರಿ ಲೈನ್‌ಮನ್ ಕೆಲಸ. ಬೀದಿಯ ಹುಡುಗರನ್ನು ಕಂಬ ಹತ್ತಿಸಬೇಡಿ.

ಪ್ರತಿ ಸಂಜೆಯೂ ಇದೇ ಪಾಡಾದರೆ ಸ್ಟೆಬಿಲೈಜರು ಪೂರ್ತಿ ಪರಿಹಾರವಲ್ಲ. ಫೇಸುಗಳ ಹೊರೆ ಸಮ ಮಾಡುವುದು, ಬೀದಿಗೆ ಇನ್ನೊಂದು ಟ್ರಾನ್ಸ್‌ಫಾರ್ಮರು ಹಾಕುವುದು, ಕೆಪಾಸಿಟರ್ ಕೂರಿಸುವುದು ವಿದ್ಯುತ್ ಕಂಪನಿಯ ಕೆಲಸ. ಸಾಕೆಟ್ಟಿಗೆ ಸಿಕ್ಕಿಸುವ ಪುಟ್ಟ ವೋಲ್ಟ್‌ಮೀಟರು ತಂದು ಒಂದು ವಾರ ಬೆಳಿಗ್ಗೆ, ಸಂಜೆ, ರಾತ್ರಿ ಎಷ್ಟಿತ್ತು ಅಂತ ಹಾಲಿನ ಲೆಕ್ಕದ ಪುಸ್ತಕದಲ್ಲೇ ಗುರುತು ಹಾಕಿ. 1912ಕ್ಕೆ ಫೋನು ಮಾಡಿ ದೂರಿನ ನಂಬರು ಕೇಳಿ ಬರೆದುಕೊಳ್ಳಿ. ಅದು ಸಾಲದಿದ್ದರೆ ಆ ಲೆಕ್ಕದ ಜೊತೆಗೆ ಬೀದಿಯವರೆಲ್ಲರ ಸಹಿ ಹಾಕಿಸಿ ಸೆಕ್ಷನ್ ಆಫೀಸಿಗೆ ಅರ್ಜಿ ಕೊಟ್ಟು, ಒಂದು ಪ್ರತಿಗೆ ಸೀಲು ಹಾಕಿಸಿಕೊಂಡು ಬನ್ನಿ.